ಎರಡು ಹಲ್ಲಿನ ಮೂರು

ಹಳೆಯ ನಾಣ್ಯ ಗುರುತಿಸುವುದು ಹೇಗೆ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ವಿವರಿಸುವ ಉಮೇದು ನನ್ನಲ್ಲಿ ಉಳಿದಿಲ್ಲ. ತೂಗಿ ನೋಡಿ, ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿ, ಅಕ್ಷರ ಓದಿ ಎಂದಷ್ಟೇ ಹೇಳಿ ಎಲೆ ಅಡಿಕೆ ಹಾಕಿಕೊಳ್ಳುತ್ತೇನೆ. ತೊಳೆಯಬೇಡಿ ಎಂಬುದನ್ನು ಮಾತ್ರ ಎರಡು ಸಲ ಹೇಳುತ್ತೇನೆ.

ನಿಜಾಮರ ಕಾಲ. ಭಾಲ್ಕಿಯ ಕಚೇರಿಯಲ್ಲಿ ನಕಲು ಬರೆಯುವ ನೌಕರಿ ನನ್ನದು. ದಿನವಿಡೀ ಉರ್ದು ಕಾಗದ ಬರೆದು ಕಣ್ಣು ಉರಿಯುತ್ತಿದ್ದವು. ಆದರೂ ರಜೆ ಸಿಕ್ಕರೆ ಬೀದರಿಗೆ ಹೋಗಿ, ಅಲ್ಲೇ ಪಕ್ಕದ ಚಿದ್ರಿಯಲ್ಲಿದ್ದ ಉಸ್ತಾದರ ಮುಂದೆ ಕೂಡುತ್ತಿದ್ದೆ. ಮಕ್ಕಳಿಗೆ ಫಾರಸಿ ಕಲಿಸುತ್ತಲೇ ಮುದುಕರಾದವರು ಅವರು. ಬಹಮನಿ ನಾಣ್ಯ ಓದುವ ಹುಚ್ಚು ಹಿಡಿಸಿದವರೂ ಅವರೇ. ಆ ಕಾಲದ ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಸಣ್ಣದು. ಇಸವಿ ಹೆಚ್ಚಾಗಿ ಅಂಚಿನಾಚೆ ಹೋಗಿಬಿಟ್ಟಿರುತ್ತದೆ. ಉಳಿದರೆ ಕಡೆಯ ಅಂಕಿಯದ್ದೇ ತಕರಾರು. ಫಾರಸಿಯ ಎರಡಕ್ಕೆ ತಲೆಯ ಮೇಲೆ ಒಂದು ಹಲ್ಲು, ಮೂರಕ್ಕೆ ಎರಡು.

ಒಬ್ಬ ಸುಲ್ತಾನನ, ಇಸವಿಯ ಕೊನೆಗೆ ಎರಡು ಇರುವ ನಾಣ್ಯ ಬೇಕಾದಷ್ಟು ಸಿಗುತ್ತಿದ್ದವು. ಮೂರರದ್ದನ್ನು ಕಂಡವರು ಉಸ್ತಾದರೊಬ್ಬರೇ. ಹರೆಯದಲ್ಲಿ ಒಬ್ಬ ಸರಾಫನ ಅಂಗಡಿಯಲ್ಲಿ ನೋಡಿದರಂತೆ. ಮರುದಿನ ಹೋಗುವಷ್ಟರಲ್ಲಿ ಅವನು ಅದನ್ನು ಕರಗಿಸಿಬಿಟ್ಟಿದ್ದನಂತೆ. ನಲವತ್ತು ವರ್ಷ ಅವರು ಇದನ್ನೇ ಹೇಳಿದರು, ತಿಳಿದವರೆಲ್ಲ ನಕ್ಕರು. ನಾನೂ ಎದುರಿಗೆ ಹೂಂಗುಟ್ಟಿ, ಬೀದಿಗೆ ಬಂದ ಮೇಲೆ ನಕ್ಕಿದ್ದೇನೆ. ಈಗ ನಾಚಿಕೆಯಾಗುತ್ತದೆ.

ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. "ಪೂರಾ ಕತ್ತಲಾಗೂದ್ರಾಗ ಒಮ್ಮಿ ಅದನ್ನ ನೋಡಬೇಕ್ರಿ," ಎಂದರು ಒಂದು ದಿನ. "ನಾ ಸುಳ್ಳು ಹೇಳಿಲ್ಲ ಅಂತ ಒಬ್ಬರಿಗರ ತಿಳೀಬೇಕು."

ಅದಾಗಿ ಕೆಲವು ತಿಂಗಳಿಗೆ ಕಚೇರಿ ಕೆಲಸದ ಮೇಲೆ ಔರಾದಿನ ಕಡೆ ಹೋದೆ. ಅಲ್ಲಿ ಎಕಂಬಾ ಎಂಬ ಹಳ್ಳಿಯ ಒಬ್ಬ ಒಕ್ಕಲಿಗ ನೇಗಿಲಿಗೆ ಸಿಕ್ಕಿದ್ದೆಂದು ಒಂದು ಕರಿ ಬಿಲ್ಲೆ ತಂದುಕೊಟ್ಟ. ಬಿಸಿಲಿಗೆ ಓರೆಯಾಗಿ ಹಿಡಿದೆ. ಕಿಲುಬಿನ ನಡುವೆ ಅದೇ ಸುಲ್ತಾನನ ಹೆಸರು; ಅಂಚಿಗೆ ಅಂಟಿಕೊಂಡು, ಇಸವಿಯ ಕಡೆಯ ಅಂಕಿ ನಿಂತಿತ್ತು. ಎರಡು ಹಲ್ಲು. ಹತ್ತು ಸಲ ನೋಡಿದೆ, ಎರಡೇ.

ಭಾಲ್ಕಿಗೆ ಬಂದು ಅದನ್ನು ದೇವರ ಜಗಲಿಯ ಮೇಲೆ ಇಟ್ಟೆ. ಬೆಲೆಯುಳ್ಳದ್ದು ಏನೇ ಬಂದರೂ ಅಲ್ಲಿಡುವುದು ನಮ್ಮ ಮನೆಯ ರೂಢಿ. ಮರುದಿನವೇ ಮತ್ತೆ ಔರಾದಿಗೆ ಹುಕುಂ ಬಂತು. ಶ್ರಾವಣವೆಲ್ಲ ಅಲ್ಲೇ ಕಳೆಯಿತು. ಜ್ವರ ಹಿಡಿಸಿಕೊಂಡು ಮನೆಗೆ ಬಂದಾಗ ಜಗಲಿಯ ಮೇಲೆ ಲಿಂಗದ ಪಕ್ಕದಲ್ಲಿ ಬೆಳ್ಳಗೆ ಏನೋ ಹೊಳೆಯುತ್ತಿತ್ತು.

"ಕರ್ರಗ ಕುಂತಿತ್ರಿ," ಎಂದಳು ಹೆಂಡತಿ. "ಶ್ರಾವಣದಾಗ ದಿನಾ ವಿಭೂತಿ ಹಚ್ಚಿ ತಿಕ್ಕೀನಿ. ಈಗ ನೋಡ್ರಿ, ಹ್ಯಾಂಗ ಹೊಳೀತದ."

ನಮ್ಮಲ್ಲಿ ಬೆಳ್ಳಿ ತೊಳೆಯುವುದೇ ವಿಭೂತಿಯಿಂದ. ಅವಳ ತಪ್ಪೇನು? ದೇವರ ಸಾಲಿನಲ್ಲಿ ಇಟ್ಟವನು ನಾನು. ಕೂಗಾಡಲು ಮೈಯಲ್ಲಿ ಶಕ್ತಿ ಇರಲಿಲ್ಲ, ಗೋಡೆಗೆ ಒರಗಿ ಕೂತೆ. ಕಿಲುಬಿನ ಜೊತೆ ಅಂಕಿಯ ತಲೆಯೂ ಸವೆದುಹೋಗಿತ್ತು. ಒಂದು ಹಲ್ಲೂ ಇಲ್ಲ, ಬರಿಯ ಒಂದು ಗೆರೆ.

ಆದರೂ ಅದನ್ನು ಕಟ್ಟಿಕೊಂಡು ಚಿದ್ರಿಗೆ ಹೋದೆ. ಯಾಕೆ ಹೋದೆನೋ. ಅಷ್ಟರಲ್ಲಿ ಉಸ್ತಾದರಿಗೆ ಬೆಳಕು ಮಾತ್ರ ಕಾಣುತ್ತಿತ್ತು, ಅಕ್ಷರವಲ್ಲ. ನಾಣ್ಯವನ್ನು ಅವರ ಅಂಗೈಯಲ್ಲಿಟ್ಟು, ಎಕಂಬಾದಲ್ಲಿ ಸಿಕ್ಕ ಮೂರರ ನಾಣ್ಯ ಎಂದೆ. ಅವರು ಹೆಬ್ಬೆರಳಿನಿಂದ ಅಂಚನ್ನೆಲ್ಲ ಸವರಿದರು. ಒಂದು ಕಡೆ ಬೆರಳು ನಿಲ್ಲಿಸಿದರು, ಮತ್ತೆ ಸವರಿದರು. ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ಮೂಸಿದರು.

"ವಿಭೂತಿ," ಎಂದರು.

"ಹೌದ್ರಿ. ಮನ್ಯಾಗ ತಿಕ್ಕಿಬಿಟ್ಟಾರ," ಎಂದೆ. "ಆದ್ರ ನಾ ನೋಡೀನ್ರಿ, ಉಸ್ತಾದ್. ಎರಡು ಹಲ್ಲು ಇದ್ದವು. ನನ್ನ ಕಣ್ಣಾರೆ ನೋಡೀನಿ."

ಅವರು ನಾಣ್ಯವನ್ನು ನನ್ನ ಕೈಯಲ್ಲೇ ಇಟ್ಟು, ನನ್ನ ಬೆರಳುಗಳನ್ನು ಮಡಿಚಿದರು.

"ಹೌದ್ರಿ," ಎಂದರು. "ನಲವತ್ತು ವರ್ಷ ನಾನೂ ಇದನ್ನ ಹೇಳ್ಕೋತ ಬಂದೀನಿ."