ಮೇಲಿನ ಸ್ವರ

ಹಳೇ ಸಿಂಥಸೈಜರ್‌ಗೆ ವೈರು ಚುಚ್ಚಿ, ನಾಬು ತಿರುಗಿಸಿ, ಯಾವ ರಾಗಕ್ಕೂ ಒಗ್ಗದ ಸದ್ದು ಹುಟ್ಟಿಸುವುದರಲ್ಲೇ ರೇಡಿಯೋ ರಿಪೇರಿಯವನ ಆಯಸ್ಸು ಸವೆದಿತ್ತು. ಊರವರು ತಲೆ ಕೆಟ್ಟಿದೆ ಅಂದರು. ಹೆಂಡತಿ ಮಾತ್ರ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತಾ ಎಲ್ಲವನ್ನೂ ಕೇಳಿದಳು.

ಈಚೆಗೆ ಅವನು ಯಂತ್ರ ಬಿಚ್ಚುವುದೇ ಬಿಚ್ಚುವುದು. "ಮೇಲಿನ ಸ್ವರಗಳು ಸತ್ತಿವೆ ಕಣೇ" ಅನ್ನುತ್ತಿದ್ದ. ಇವತ್ತೂ ಬೆಸುಗೆ ಹಾಕಿ, ಕಟ್ಟಕಡೆಯ ಕೀ ಒತ್ತಿ, ಸ್ಪೀಕರಿಗೆ ಕಿವಿ ಹಚ್ಚಿದ. ಸ್ವರ ಸೂಜಿಯ ಹಾಗೆ ಅವಳ ತಲೆ ಹೊಕ್ಕಿತು, ಚಾಕು ಬೆರಳು ಕೊಯ್ದಿತು. ಪಕ್ಕದ ಮನೆಯ ನಾಯಿ ಊಳಿಟ್ಟಿತು.

"ಈ ಹಾಳು ನಾಯಿಗೇನು ಬಂತು?" ಅಂತ ಗೊಣಗಿದ. ಹೋಗಿರುವುದು ಅವನ ಕಿವಿ ಎಂದು ಅವಳಿಗೆ ಆಗ ತಿಳಿಯಿತು.

"ನಿನಗೇನಾದರೂ ಕೇಳ್ತಾ?"

ಅವಳು ರಕ್ತದ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿದಳು. "ಇಲ್ಲರೀ. ಯಂತ್ರಕ್ಕೆ ವಯಸ್ಸಾಯ್ತು, ಬಿಡಿ."

ಅವನಿಗೆ ಎಷ್ಟೋ ಸಮಾಧಾನವಾಯಿತು. ಈಗಲಾದರೂ ಕೇಳೀತೇನೋ ಅಂತ ಸದ್ದನ್ನು ಇನ್ನಷ್ಟು ಜೋರು ಮಾಡಿದ.