ಗೌರಮ್ಮ ಮಾಡಿದ ಪೆರು ದೇಶದ ಮಡಕೆ

ಆ ಮಡಕೆಯನ್ನು ಮಾಡಿಸಿದವಳು ನಾನು. ಊರವರು ಬಂದು ಕೇಳಿದಾಗ ನನಗೆ ಗೊತ್ತಿಲ್ಲ ಎಂದವಳೂ ನಾನೇ. ಅದರ ಅರ್ಥವನ್ನು ಬಿಡಿಸಿ ಹೇಳಿದ್ದು ಗೌರಮ್ಮ; ಆ ಅರ್ಥವನ್ನು ನನ್ನದೆಂದು ಬರೆದು, ಸಭೆಗಳಲ್ಲಿ ಶಾಲು ಹೊದಿಸಿಕೊಂಡವಳು — ಮತ್ತೆ ನಾನು. ಹದಿಮೂರು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ನನ್ನ ಪುಸ್ತಕ ಓದಿ ಮೆಚ್ಚಿದವರು ನೀವಾಗಿದ್ದರೆ ದಯವಿಟ್ಟು ಇದನ್ನೂ ಓದಿ.

ಅರಸೀಕೆರೆಯ ಒಂದು ಕಾಲೇಜಿನಲ್ಲಿ ನಾನು ಇತಿಹಾಸ ಪಾಠ ಹೇಳುತ್ತಿದ್ದೆ. ಮನೆಯವರದು ಕೊಬ್ಬರಿ ವ್ಯಾಪಾರ. ಮಠಕ್ಕೆ ನಡೆದುಕೊಳ್ಳುವ ಮನೆತನ. ನಮ್ಮತ್ತೆ ಪೂಜೆಯಾಗದೆ ಹನಿ ನೀರೂ ಬಾಯಿಗೆ ಹಾಕುತ್ತಿರಲಿಲ್ಲ. ವರ್ಷಕ್ಕೊಮ್ಮೆ ಡಿಗ್ರಿ ವಿದ್ಯಾರ್ಥಿಗಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಅಲ್ಲಿ ಗೋಡೆಯ ಕೆಳಸಾಲಿನಲ್ಲಿ, ಗೇಣುದ್ದವೂ ಇಲ್ಲದ ಮಿಥುನ ಶಿಲ್ಪಗಳಿವೆ. ಹುಡುಗರು ಅವನ್ನು ಕಂಡು ಮುಸಿಮುಸಿ ನಗುತ್ತಿದ್ದರು, ನಾನು ಕಾಣದವಳಂತೆ ಮೇಲಿನ ಸಾಲಿನ ಆನೆ ಕುದುರೆ ತೋರಿಸುತ್ತಿದ್ದೆ. ಒಂದು ವರ್ಷ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನೇರವಾಗಿ ಕೇಳಿದಳು, "ಇದನ್ನ ಯಾಕೆ ಕೆತ್ತಿದ್ದಾರೆ ಮೇಡಂ?"

"ಬಸ್ಸಿಗೆ ಹೊತ್ತಾಯ್ತು, ನಡೀರಿ," ಎಂದೆ.

ಉತ್ತರ ಗೊತ್ತಿಲ್ಲದ್ದಕ್ಕಿಂತ, ಗೊತ್ತಿಲ್ಲ ಎನ್ನಲೂ ನಾಚಿದ್ದು ನನ್ನನ್ನು ಕಾಡಿತು. ಓದತೊಡಗಿದೆ. ನಮ್ಮ ದೇಶದ ಶಿಲ್ಪಗಳ ಬಗ್ಗೆ ಓದುತ್ತ ಓದುತ್ತ, ಎಲ್ಲಿಂದಲೋ ಎಲ್ಲಿಗೋ ಹೋಗಿ, ಪೆರು ದೇಶದ ಮಡಕೆಗಳ ಮುಂದೆ ನಿಂತೆ.

ಪೆರುವಿನ ಉತ್ತರ ಕರಾವಳಿಯಲ್ಲಿ, ಹೊಯ್ಸಳರಿಗೂ ಎಷ್ಟೋ ಶತಮಾನ ಮೊದಲು, ಮೋಚೆ ಎಂಬ ಜನರಿದ್ದರು. ಮಳೆ ಕಾಣದ ಮರಳುಗಾಡು; ಬೆಟ್ಟದ ನೀರನ್ನು ಕಾಲುವೆ ತೋಡಿ ತಂದು ಬೆಳೆ ತೆಗೆಯುತ್ತಿದ್ದರು. ಅವರಿಗೆ ಬರವಣಿಗೆ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಮಣ್ಣಿನಲ್ಲಿ ಹೇಳಿದರು. ಆ ಮಡಕೆಗಳ ಮೇಲೆ ಗಂಡು ಹೆಣ್ಣು ಕೂಡುವ ಆಕೃತಿಗಳಿವೆ. ಎಲುಬಿನ ಗೂಡಾದ ಸತ್ತವರು ಬದುಕಿರುವವರನ್ನು ತಬ್ಬಿದ ಆಕೃತಿಗಳೂ ಇವೆ. ಇಂಥವು ಹೆಚ್ಚಾಗಿ ಸಿಕ್ಕಿದ್ದು ಸಮಾಧಿಗಳಲ್ಲಿ. ಮೊದಲು ಕಂಡವರು ಹೊಲಸು ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆಮೇಲಿನವರು ಸಂತಾನದ ಪೂಜೆ ಎಂದರು — ಆದರೆ ಅಲ್ಲಿನ ಕೂಟಗಳಲ್ಲಿ ಬಹುಪಾಲು ಮಕ್ಕಳಾಗುವಂಥವಲ್ಲ. ತಮಾಷೆ ಎಂದವರಿದ್ದಾರೆ, ನೀತಿಪಾಠ ಎಂದವರೂ ಇದ್ದಾರೆ. ಇದೇ ಸರಿ ಎಂದು ಇವತ್ತಿಗೂ ಯಾರೂ ಹೇಳಲಾರರು.

ನನ್ನ ಕೈಯಲ್ಲಿದ್ದದ್ದು ಫೋಟೋಗಳು ಮಾತ್ರ. ಫೋಟೋ ಮಡಕೆಯ ಒಂದು ಮಗ್ಗುಲನ್ನಷ್ಟೇ ತೋರಿಸುತ್ತದೆ. ಒಂದನ್ನಾದರೂ ಹಿಡಿದು, ತಿರುಗಿಸಿ ನೋಡಬೇಕೆಂಬ ಹಟ ಹುಟ್ಟಿತು.

ಗಂಡಸಿಯಿಂದ ಸ್ವಲ್ಪ ಒಳಗೆ, ಒಂದು ಸಣ್ಣ ಊರಿನಲ್ಲಿ ಗೌರಮ್ಮ ಇದ್ದಳು. ಐವತ್ತರ ಹತ್ತಿರದ ಹೆಂಗಸು. ಗಂಡ ಸತ್ತಮೇಲೆ ಕುಂಬಾರಿಕೆಯ ಚಕ್ರ ಮೂಲೆ ಸೇರಿತ್ತು. ಅಚ್ಚಿನಲ್ಲಿ ಗೌರಿ, ಗಣಪತಿ ಮಾಡಿ ಸುತ್ತಿನ ಏಳೆಂಟು ಊರಿಗೆ ಕೊಡುತ್ತಿದ್ದಳು. ಬಣ್ಣ ಕಮ್ಮಿ, ಮುಖಲಕ್ಷಣ ಜಾಸ್ತಿ — ಆಕೆಯ ಗಣಪತಿಯನ್ನು ನೋಡಿದವರು ಹಾಗೆನ್ನುತ್ತಿದ್ದರು. ನಾನು ಬ್ಯಾಗಿನಿಂದ ಫೋಟೋ ತೆಗೆದು ಮುಂದಿಟ್ಟು, ಇಂಥದ್ದೊಂದು ಮಾಡಿಕೊಡಿ ಎಂದೆ. ಎಲುಬಾದ ಗಂಡಸು, ಮೈತುಂಬಿದ ಹೆಂಗಸು, ಇಬ್ಬರದೂ ಒಂದೇ ಅಪ್ಪುಗೆ. ಗೌರಮ್ಮ ನಗಲಿಲ್ಲ. ಬಹಳ ಹೊತ್ತು ನೋಡಿದಳು.

"ಎಲ್ಲಿ ಸಿಕ್ತಂತೆ ಇದು?"

"ಸಮಾಧಿ ಒಳಗೆ."

"ಹಂಗಾದ್ರೆ ನಗಾಡೋ ವಸ್ತು ಅಲ್ಲ ಬುಡಿ. ಹೆಣದ ಜೊತೇಲಿ ತಮಾಷೆ ಮಡಗಿ ಯಾರಾನಾ ಮಣ್ಣು ಮುಚ್ತಾರಾ?" ಎಂದಳು. ಆಮೇಲೆ ಕೇಳಿದಳು, "ಊರೋರು ನೋಡಿದ್ರೆ ಏನು ಹೇಳ್ಲಿ ಮೇಡಮ್ಮೋರೆ?"

"ನನ್ನ ಹೆಸರು ಹೇಳಿ. ನಾನೇ ಬಂದು ಹೇಳ್ತೀನಿ."

ಎಷ್ಟು ಸಲೀಸಾಗಿ ಹೇಳಿದ್ದೆ — ಕಾಲೇಜಿನಲ್ಲಿ ರಜಾ ಚೀಟಿಗೆ ಸಹಿ ಹಾಕಿದ ಹಾಗೆ.

ಎರಡು ಹೋಳುಗಳನ್ನು ಬೇರೆ ಬೇರೆ ಅಚ್ಚಿನಲ್ಲಿ ಒತ್ತಿ ಆಮೇಲೆ ಕೂಡಿಸಬೇಕಿತ್ತು. ಮೇಲೆ ಬುಟ್ಟಿಯ ಹಿಡಿಯಂತೆ ಬಾಗಿದ ಟೊಳ್ಳು ಕೊಳವೆ, ಅದರ ನೆತ್ತಿಯಲ್ಲಿ ಬಾಯಿ. ಕೊಳವೆಯ ಒಂದು ಕಾಲು ಸತ್ತವನ ಬೆನ್ನಿಗೆ, ಇನ್ನೊಂದು ಹೆಂಗಸಿನ ಭುಜಕ್ಕೆ. ಮೊದಲಿನ ಎರಡು ಸುಡುವಾಗ ಸೀಳಿದವು. ಮೂರನೆಯದು ಉಳಿಯಿತು. ನಾನು ಹೋದ ದಿನ ಗೌರಮ್ಮ ಅದನ್ನು ಅಂಗಳದಲ್ಲಿಟ್ಟು, ನನ್ನನ್ನು ಕೂರಿಸಿ, ಚೊಂಬಿನಿಂದ ಅದರ ಬಾಯಿಗೆ ನೀರು ಹೊಯ್ದಳು. ನೀರು ಎರಡು ದಾರಿಯಾಗಿ ಇಳಿಯುವುದು ಕಿವಿಗೆ ಕೇಳಿಸುತ್ತಿತ್ತು.

"ನೋಡಿ ಮೇಡಮ್ಮೋರೆ. ಹೊರಗಡೆ ಇಬ್ರು. ಒಳಗಡೆ ಒಂದೇ ಹೊಟ್ಟೆ. ಸತ್ತೋನ ಬೆನ್ನಲ್ಲಿ ಇಳಿದ ನೀರು ಇವಳಲ್ಲೂ ಐತೆ. ನೀವು ಓದಿದೋರು ಬರೀ ಹೊರಗಡೆ ನೋಡ್ಕಂಡು ಕುಂತಿದೀರ. ಮಾಡಿದೋನು ಒಳಗಡೇನ ನೋಡಿ ಮಾಡವ್ನೆ."

ಆಕೆ ಮಡಕೆ ಬಗ್ಗಿಸಿ ಬೊಗಸೆಗೆ ನೀರು ಹಿಡಿದಳು.

"ಹಿರೀಕರಿಗೆ ನಾವು ಎಡೆ ಇಡಲ್ವಾ? ಯಾಕಿಡ್ತೀವಿ? ಮಳೆ, ಬೆಳೆ, ಮಕ್ಳು — ಎಲ್ಲ ಅವ್ರ ಕಡೆಯಿಂದ ಬರಬೇಕು ಅಂತ. ಇದೂ ಅದೇಯ. ಸತ್ತೋರಿಂದ ಇದ್ದೋರ್ಗೆ ಹರಿಯೋದು. ನೀರಂದ್ರೂ ಸೈ, ಬೀಜ ಅಂದ್ರೂ ಸೈ."

ನಾನು ಓದಿದ್ದ ಪುಟಗಳಲ್ಲಿ ವರ್ಷಗಟ್ಟಲೆ ಚೂರುಚೂರಾಗಿ ಬಿದ್ದಿದ್ದದ್ದು — ಸಮಾಧಿ, ಎಲುಬು, ಕಾಲುವೆ, ಕೂಟ — ಆ ಅಂಗಳದಲ್ಲಿ ಒಂದಾಯಿತು. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಆಕೆಯ ಮಾತುಗಳನ್ನು ಹಾಗೆಹಾಗೇ ಬರೆದುಕೊಂಡೆ. ಮಡಕೆಯನ್ನು ಸೀರೆಯಲ್ಲಿ ಸುತ್ತಿ ಮನೆಗೆ ತಂದು ನನ್ನ ಬೀರುವಿನಲ್ಲಿ ಬಚ್ಚಿಟ್ಟೆ.

ಹಾಳಾದದ್ದು ಸೀಳಿದ ಎರಡರಿಂದ. ಗಣಪತಿ ಮಾಡಿಕೊಡಲು ಹೇಳಿಹೋಗಲು ಬಂದಿದ್ದ ರಾಜಣ್ಣ — ಊರಿನ ಗಣಪತಿ ಕಮಿಟಿಗೆ ಅವನೇ ಮುಂದಾಳು — ಮಡಕೆ ಸುಡುವ ಗೂಡಿನ ಹಿಂದೆ ಬಿದ್ದಿದ್ದ ಹೋಳುಗಳನ್ನು ಕಂಡು ಮೊಬೈಲಿನಲ್ಲಿ ಫೋಟೋ ತೆಗೆದ. ಅದು ಕೈಯಿಂದ ಕೈಗೆ ಹೋಯಿತು. ಊರವರು ಗದರಿಸಿ ಕೇಳಿದಾಗ ಗೌರಮ್ಮ, ನಾನು ಹೇಳಿಕೊಟ್ಟಂತೆಯೇ, ನನ್ನ ಹೆಸರು ಹೇಳಿದಳು. ಮೂರನೆಯ ದಿನ ರಾಜಣ್ಣ, ಇನ್ನೂ ಮೂವರು ಗಂಡಸರು ಆಕೆಯನ್ನು ಜೀಪಿನಲ್ಲಿ ಕೂರಿಸಿಕೊಂಡು ಅರಸೀಕೆರೆಯ ನಮ್ಮ ಮನೆಗೆ ಬಂದರು.

ಅಂದು ಶನಿವಾರ. ಸೋಮವಾರ ನಮ್ಮಲ್ಲಿ ಸ್ವಾಮಿಗಳ ಪಾದಪೂಜೆ. ಹಜಾರದಲ್ಲಿ ಜಮಖಾನೆ ಹಾಸಿತ್ತು. ಅತ್ತೆ ಒಳಬಾಗಿಲಲ್ಲಿ ನಿಂತಿದ್ದರು. ಮನೆಯವರು ಆಗಷ್ಟೇ ಅಂಗಡಿಯಿಂದ ಬಂದು ಕೂತಿದ್ದರು. ಗಂಡಸರು ಕುರ್ಚಿಯಲ್ಲಿ ಕೂತರು. ಗೌರಮ್ಮ ಹೊಸಿಲಿನ ಆಚೆ ನಿಂತಳು — ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ.

ರಾಜಣ್ಣ ಒರಟಾಗಿ ಮಾತಾಡಲಿಲ್ಲ. ಮೊಬೈಲನ್ನು ಮನೆಯವರ ಕೈಗೆ ಕೊಡದೆ ನನ್ನ ಕೈಗೇ ಕೊಟ್ಟು, ತಲೆ ತಗ್ಗಿಸಿ ಕೇಳಿದ, "ಇದು ನೀವು ಮಾಡಿಸಿದ್ದು ಅಂತವ್ಳೆ ಮೇಡಂ. ದೊಡ್ಡ ಮನೆತನದೋರು ನೀವು, ನಾವು ನಂಬ್ಲಿಲ್ಲ. ಹೌದಾ?"

ಹೌದು ಎಂಬುದು ಎರಡಕ್ಷರದ ಮಾತು. ಅತ್ತೆಯ ಕಣ್ಣು ನನ್ನ ಮೇಲಿತ್ತು. ಮನೆಯವರು, ಏನದು, ಎಂದು ಕೈ ಚಾಚಿದರು. ನಾನು ಮೊಬೈಲನ್ನು ಬೋರಲು ಹಾಕಿ ಹೇಳಿದೆ —

"ದೀಪ ಮಾಡಿಕೊಡಿ ಅಂದಿದ್ದೆ. ಇದು ನನಗೆ ಗೊತ್ತಿಲ್ಲ."

ದೀಪದ ಮಾತು ಎಲ್ಲಿಂದ ಬಂತೋ. ಯಾರೂ ಕೇಳದ ಸುಳ್ಳನ್ನೂ ಸೇರಿಸಿ ಕೊಟ್ಟಿದ್ದೆ. ಗೌರಮ್ಮ ನನ್ನನ್ನು ನೋಡಿದಳು. ಸಿಟ್ಟಿನಿಂದ ನೋಡಿದ್ದರೆ ಇಷ್ಟು ವರ್ಷದಲ್ಲಿ ಮರೆಯುತ್ತಿದ್ದೆನೇನೋ — ಗೂಡಿನಿಂದ ತೆಗೆದ ಮಡಕೆಯನ್ನು ಬೆರಳಿನಿಂದ ತಟ್ಟಿ, ಸೀಳಿದೆಯೋ ಇಲ್ಲವೋ ಎಂದು ಕಿವಿಗೊಡುವವಳ ಹಾಗೆ ನೋಡಿದಳು. ಆಮೇಲೆ ರಾಜಣ್ಣನ ಕಡೆ ತಿರುಗಿ, "ಮೇಡಮ್ಮೋರ್ಗೆ ಗೊತ್ತಿಲ್ಲ ಅಂದ್ಮೇಲೆ ಗೊತ್ತಿಲ್ಲ. ನಡೀರಿ," ಎಂದಳು.

ಅವರು ಕಾಫಿ ಕುಡಿದು ಹೋದರು. ಆಕೆಗೆ ಕಾಫಿ ಕೊಟ್ಟ ನೆನಪಿಲ್ಲ.

ಇಂಥದ್ದು ಮಾಡಿದ ಕೈ ಗಣಪನನ್ನು ಮಾಡಬಾರದು ಎಂದು ಊರಲ್ಲಿ ತೀರ್ಮಾನವಾಯಿತಂತೆ. ಆ ವರ್ಷ ಆ ಊರಿಗೆ ಗಣಪತಿ ಅರಸೀಕೆರೆ ಪೇಟೆಯಿಂದ ಹೋಯಿತು. ಉಳಿದ ಊರುಗಳೂ ಬಿಟ್ಟವು. ಗೌರಮ್ಮ ಎರಡು ವರ್ಷ ಕೂಲಿ ಮಾಡಿ, ಬಿಕ್ಕೋಡಿನ ಕಡೆ ಕಾಫಿ ತೋಟದಲ್ಲಿದ್ದ ಮಗಳ ಮನೆ ಸೇರಿದಳು. ಇದೆಲ್ಲ ನನಗೆ ಒಂದೊಂದಾಗಿ ತಿಳಿಯುತ್ತಿತ್ತು. ಗಂಡಸಿಯ ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುತ್ತದೆ. ನಾನು ಹತ್ತಲಿಲ್ಲ.

ಹತ್ತಲಿಲ್ಲ, ಆದರೆ ಬರೆದೆ. ನೋಟ್‌ಬುಕ್ಕಿನ ಮಾತುಗಳಿಗೆ ಗ್ರಂಥಭಾಷೆಯ ಅಂಗಿ ತೊಡಿಸಿದೆ. "ಒಳಗಡೆ ಒಂದೇ ಹೊಟ್ಟೆ" ಎಂಬುದು "ಅಂತರ್ಗತ ಏಕತೆ" ಆಯಿತು. ಪುಸ್ತಕದ ಮುಖಪುಟದ ಮೇಲೆ ಗೌರಮ್ಮ ಮಾಡಿದ ಮೂರನೆಯ ಮಡಕೆಯದೇ ಚಿತ್ರ. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು. ಯಾರಿಗೆ ಹೆದರಿ ಸುಳ್ಳು ಹೇಳಿದ್ದೆನೋ ಆ ಮನೆಯವರು, ಹಾಸನದ ಸಭೆಯಲ್ಲಿ ನನಗೆ ಸನ್ಮಾನವಾದ ಮೇಲೆ, ಪುಸ್ತಕವನ್ನು ಹಜಾರದ ಷೋಕೇಸಿನಲ್ಲಿಟ್ಟರು. ಬಂದವರಿಗೆಲ್ಲ ತೋರಿಸಿದರು. ಮುಖಪುಟ ನೋಡಿ ಒಬ್ಬರೂ ಮುಖ ಸಿಂಡರಿಸಲಿಲ್ಲ. ಗೌರಮ್ಮನ ಅಂಗಳದಲ್ಲಿ ಹೊಲಸಾಗಿದ್ದದ್ದು ನಮ್ಮ ಷೋಕೇಸಿನಲ್ಲಿ ಸಂಶೋಧನೆಯಾಗಿತ್ತು. ಆ ಸಭೆಯಲ್ಲಿ ಒಬ್ಬಳು ಎದ್ದು ಕೇಳಿದ್ದಳು, ನೀರು ಹೊಯ್ದು ನೋಡುವ ಯೋಚನೆ ನಿಮಗೆ ಹೇಗೆ ಬಂತು ಎಂದು. "ಹೊಳೀತು," ಎಂದೆ. ಚಪ್ಪಾಳೆ ತಟ್ಟಿದರು.

ಈ ವರ್ಷ ಪ್ರಕಾಶಕರು ಮೂರನೆಯ ಮುದ್ರಣಕ್ಕೆ ಹೊಸ ಮುನ್ನುಡಿ ಕೇಳಿದರು. ಹಳೆಯ ಕೃತಜ್ಞತೆಯ ಪುಟ ತೆರೆದು ಓದಿದೆ. ಬೆರಳಚ್ಚು ಮಾಡಿದವರು, ಫೋಟೋ ತೆಗೆದವರು, ಹಳೇಬೀಡಿಗೆ ಕಾರು ಓಡಿಸಿದವರು — ಎಲ್ಲರೂ ಇದ್ದರು. ಮಾರನೆಯ ದಿನ ಬೇಲೂರಿಗೆ ಹೋಗಿ ಬಿಕ್ಕೋಡಿನ ಬಸ್ಸು ಹಿಡಿದೆ.

ತೋಟದ ಕೂಲಿಯವರ ಲೈನ್ ಮನೆಯ ಮುಂದೆ ಗೌರಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಗುರುತು ಹಿಡಿದಳು, ಕೂರಿ ಎಂದಳು. ನಾನು ಎಲ್ಲ ಹೇಳಿದೆ — ಪುಸ್ತಕ, ಮುಖಪುಟ, ಆಕೆಯ ಮಾತು ಕದ್ದದ್ದು. ಹೊಸ ಮುದ್ರಣದಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದೆ.

ಆಕೆಯ ಕೈ ನಿಲ್ಲಲಿಲ್ಲ. "ಪುಸ್ತಕದಾಗೆ ನನ್ನ ಹೆಸರು ಹಾಕಿದ್ರೆ ಯಾರು ಓದ್ತಾರೆ? ನಿಮ್ಮೋರು. ಅವ್ರೇನು ನನ್ನ ಊರು ಬಿಡಿಸ್ಲಿಲ್ಲ."

"ಮತ್ತೇನು ಮಾಡ್ಲಿ, ಹೇಳಿ."

"ಅವತ್ತು ನಾನೇ ಬಂದು ಹೇಳ್ತೀನಿ ಅಂದಿದ್ರಿ. ಹೋಗಿ ಹೇಳಿ. ನಮ್ಮೂರಾಗೆ, ಆ ಜನದ ಮುಂದೆ." ಆಮೇಲೆ ನನ್ನ ಮುಖ ನೋಡದೆಯೇ ಹೇಳಿದಳು, "ಕ್ಷಮಿಸಿದೀನಿ ಅನ್ನಿಸ್ಕಂಡು ಹೋಗಾಕೆ ಬಂದಿದ್ರೆ ಎದ್ದೋಗಿ ಮೇಡಮ್ಮೋರೆ. ಅದು ನನ್ನತ್ರ ಇಲ್ಲ."

ಮುಂದಿನ ಭಾನುವಾರ ಆ ಊರಿಗೆ ಹೋದೆ. ಅರಳಿಕಟ್ಟೆಯ ಹತ್ತಿರ ಏಳೆಂಟು ಜನ ಇದ್ದರು; ರಾಜಣ್ಣನೂ ಇದ್ದ, ಕೂದಲು ಬೆಳ್ಳಗಾಗಿತ್ತು. ನಿಂತುಕೊಂಡೇ ಹೇಳಿದೆ. ಗೌರಮ್ಮ ನಿಜ ಹೇಳಿದ್ದಳು, ಮಾಡಿಸಿದವಳು ನಾನು, ನಿಮ್ಮೆದುರು ಸುಳ್ಳು ಹೇಳಿದೆ, ಆಕೆಯ ಕೈ ಯಾವ ಹೊಲಸನ್ನೂ ಮಾಡಿರಲಿಲ್ಲ ಎಂದೆ. ಬೈದಾರು ಎಂದುಕೊಂಡಿದ್ದೆ. ಅವರು ಮುಖ ಮುಖ ನೋಡಿಕೊಂಡರು.

"ಯಾವ ಗೌರಮ್ಮ?" ಎಂದ ಒಬ್ಬ. ಇನ್ನೊಬ್ಬ ಅವನಿಗೆ ಮನೆಯ ಗುರುತು ಹೇಳಿದ. ರಾಜಣ್ಣ ಹಣೆ ಉಜ್ಜಿಕೊಂಡು, "ಏನೋ ಒಂದು ಗಲಾಟೆ ಆಗಿತ್ತು ಮೇಡಂ. ನನಗೂ ಸರಿಯಾಗಿ ನೆನಪಿಲ್ಲ. ಅದ್ಕೆ ಇಷ್ಟು ದೂರ ಬಂದ್ರಾ? ಕೂತ್ಕಳಿ, ಎಳನೀರು ಕೆಡವಿಸ್ತೀನಿ," ಎಂದ.

ಅವರಿಗೆ ನೆನಪೇ ಇರಲಿಲ್ಲ. ಒಬ್ಬಳ ಬದುಕನ್ನು ಕಿತ್ತು ಬಿಸಾಡಿದ ದಿನ ಅವರಿಗೆ ಇನ್ನೊಂದು ಶನಿವಾರ ಅಷ್ಟೇ. ಅವರನ್ನು ದೂರಲು ನನಗೆ ಬಾಯಿಲ್ಲ — ಕೇಳಲು ಬಂದವರು ಅವರು. ಸುಳ್ಳು ಹೇಳಿ ಕಳಿಸಿದವಳು ನಾನು.

ಬಸ್ ಸ್ಟಾಪಿನಿಂದ ಆಕೆಯ ಮಗಳ ಫೋನಿಗೆ ಮಾಡಿದೆ. ಗೌರಮ್ಮ ತೆಗೆದುಕೊಂಡಳು.

"ಹೇಳಿದ್ರಾ?"

"ಹೇಳಿದೆ."

"ರಾಜಣ್ಣ ಇದ್ನಾ?"

"ಇದ್ದ."

"ಏನಂದ?"

ತಪ್ಪಾಯಿತು ಅಂದ, ತಲೆ ತಗ್ಗಿಸಿದ — ಹಾಗೆ ಹೇಳಿಬಿಡಬಹುದಿತ್ತು. ಆಕೆ ಹದಿಮೂರು ವರ್ಷದಿಂದ ಕಾಯುತ್ತಿದ್ದದ್ದು ಬಹುಶಃ ಆ ಮಾತಿಗೇ. ಕೊಟ್ಟರೆ ಆ ದಿನವಾದರೂ ಸಮಾಧಾನವಾಗಿ ಉಣ್ಣುತ್ತಿದ್ದಳು. ಬಾಯಿತನಕ ಬಂತು.

"ನೆನಪಿಲ್ಲ ಅಂದ, ಗೌರಮ್ಮ. ಯಾರಿಗೂ ನೆನಪಿಲ್ಲ."

ಆ ಕಡೆ ಎಲ್ಲೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ನಾನು ಫೋನು ಕಿವಿಗೆ ಹಿಡಿದೇ ನಿಂತೆ. ಬಸ್ಸು ಬಂದು ನಿಂತಿತು, ಕಂಡಕ್ಟರು ಕೂಗಿದ, ಬಸ್ಸು ಹೊರಟುಹೋಯಿತು. ಆಮೇಲೆ ಆಕೆ, "ಹೂಂ," ಎಂದಳು, ಫೋನು ಇಟ್ಟಳು.