ನಾಗಮ್ಮ ಕೇಳಿದ ಹಬ್ಬದ ಇನಾಮು

ಕೇಳ್ರೇ ಗೆಳತಿಯರೇ, ಇವತ್ತು ಗೌರಿ ಹಬ್ಬದ ದಿನ ನಮ್ಮನೇಲಿ ಒಂದು ಪಂಚಾಯ್ತಿ ಆಯ್ತು. ನ್ಯೂ ಟೌನ್ ಕ್ವಾರ್ಟರ್ಸ್ ಹುಡುಗಿಯರಿಗೆಲ್ಲ ಮೊಗ್ಗಿನ ಜಡೆ ಹಾಕೋಳು ನಾಗಮ್ಮ. ಕೊನೆಗೆ ನನ್ನ ಮಗಳ ಜಡೆ ಮುಗಿಸಿ ಎದ್ದಳು. ಕೂಲಿ ಕೊಟ್ಟಾಯ್ತು. ಹಬ್ಬದ ಇನಾಮು ಏನು ಕೊಡೋದು ಅಂತ ನನಗೂ ಅತ್ತೆಗೂ ಜಟಾಪಟಿ.

"ರವಿಕೆ ಕಣ ಸಾಕು" ಅಂದ್ರು ಅತ್ತೆ.

"ಸೀರೆನೇ ಕೊಡೋಣ" ಅಂದೆ ನಾನು.

ನಾಗಮ್ಮ ನಕ್ಕಳು. "ಎರಡೂ ಬೇಡ್ರಮ್ಮ. ಮೊಗ್ಗು ಮಿಕ್ಕಿದೆ, ನನಗೂ ಒಂದು ಜಡೆ ಹಾಕಿ. ಊರಿಗೆಲ್ಲ ನಾನು ಹಾಕ್ತೀನಿ, ನನಗೆ ಇದುವರೆಗೂ ಒಬ್ಬರೂ ಹಾಕಿಲ್ಲ."

ಅತ್ತೆಯೇ ಮಣೆ ಹಾಕಿ ಕೂರಿಸಿದ್ರು, ಎಣ್ಣೆ ಹಚ್ಚಿ ತಲೆ ಬಾಚಿ ಹೆಣೆದ್ರು. ನಾನು ಮೊಗ್ಗು ಪೋಣಿಸಿ ಹೊಲಿದೆ. ನಾಗಮ್ಮ ಕಣ್ಣು ಮುಚ್ಚಿ ಮಗು ಹಾಗೆ ಕೂತಿದ್ದಳು. ಜಡೆ ಮಾತ್ರ ಪಡವಲಕಾಯಿ ಹಾಗೆ ಸೊಟ್ಟಗಾಯ್ತು.

"ಬಿಚ್ಚೇ ಮಾರಾಯ್ತಿ, ನಿನ್ನ ಹೆಸರು ಕೆಡುತ್ತೆ" ಅಂದೆ.

"ಯಾಕೆ ಬಿಚ್ಚಲಿ? ಚೆನ್ನಾಗಿದೆ ಕಣ್ರಮ್ಮ" ಅಂತ ಕನ್ನಡಿ ಬಿಟ್ಟು ಕದಲಲಿಲ್ಲ.

ಆಮೇಲೆ ಬೀದಿ ತುಂಬ ಹಾಗೇ ನಡ್ಕೊಂಡು ಹೋದಳು. ಯಾರು ಹಾಕಿದ್ದು ಅಂತ ಕೇಳಿದವರಿಗೆಲ್ಲ ನಮ್ಮನೆ ಕಡೆ ಕೈ ತೋರಿಸಿದಳು.

ಬಾಗಿಲಲ್ಲಿ ನಿಂತು ನೋಡ್ತಿದ್ದ ಅತ್ತೆ ಅಂದ್ರು: "ಹೋಗ್ಲಿ ಬಿಡೇ, ಇನ್ನು ನಮ್ಮಿಬ್ಬರನ್ನಂತೂ ಜಡೆ ಹಾಕೋಕೆ ಯಾರೂ ಕರೆಯೋಲ್ಲ."